ಕಪ್ಪು ರಬ್ಬರಿನಲ್ಲಿ ಯಾವ ರಬ್ಬರ್ ಎಷ್ಟು? ಕಣ್ಣಿಗೆ ಕಾಣದ ಬೆಳಕಿನಿಂದ ಅಳೆಯುವ ಬಗೆ

ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ರಬ್ಬರ್ ಬೆಳೆಗಾರರಿಗೆ ತಾವು ಮಾರುವ ಸರಕು ಏನೆಂಬ ಬಗ್ಗೆ ಅನುಮಾನವಿಲ್ಲ. ಬೆಳಗಿನ ಜಾವ ಟ್ಯಾಪಿಂಗ್ ಮಾಡಿ ತಂದ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸುತ್ತಾರೆ, ಯಂತ್ರಕ್ಕೆ ಕೊಟ್ಟು ಹಾಳೆ ಮಾಡುತ್ತಾರೆ, ಹೊಗೆಯಲ್ಲಿ ಒಣಗಿಸುತ್ತಾರೆ. ಜೇನಿನ ಬಣ್ಣಕ್ಕೆ ತಿರುಗಿದ ಶೀಟನ್ನು ಬೆಳಕಿಗೆ ಹಿಡಿದರೆ ದರ್ಜೆ ಯಾವುದೆಂದು ಅನುಭವಿಗಳ ಕಣ್ಣೇ ಹೇಳುತ್ತದೆ.

ಕಾಂಪೌಂಡ್ ರಬ್ಬರಿನ ಕಥೆ ಹಾಗಲ್ಲ. ರಬ್ಬರಿಗೆ ಮಸಿ, ಎಣ್ಣೆ, ರಾಸಾಯನಿಕಗಳನ್ನು ಮೊದಲೇ ಅರೆದು ಸೇರಿಸಿ, ಅಚ್ಚಿಗೆ ಹಾಕಲು ಸಿದ್ಧವಾಗಿ ಬರುವ ಕಪ್ಪು ಮುದ್ದೆ ಅದು. 2023-24ರ ಕೇಂದ್ರ ಬಜೆಟ್‌ನಲ್ಲಿ ಇದರ ಮೇಲಿನ ಮೂಲ ಆಮದು ಸುಂಕವನ್ನು ಶೇ 10ರಿಂದ ‘ಶೇ 25 ಅಥವಾ ಕಿಲೋಗೆ 30 ರೂಪಾಯಿ, ಯಾವುದು ಕಡಿಮೆಯೋ ಅದು’ ಎಂಬ ಮಟ್ಟಕ್ಕೆ ಏರಿಸಲಾಯಿತು. ಅಂದರೆ ನೈಸರ್ಗಿಕ ರಬ್ಬರಿಗೆ ಇದ್ದ ದರಕ್ಕೇ ತಂದು ನಿಲ್ಲಿಸಲಾಯಿತು. ಸುಂಕ ತಪ್ಪಿಸಿಕೊಳ್ಳುವುದನ್ನು ತಡೆಯಲು ಈ ಕ್ರಮ ಎಂದು ಬಜೆಟ್ ಭಾಷಣದಲ್ಲಿಯೇ ಹೇಳಲಾಗಿತ್ತು. ಮರದಿಂದ ಬಂದ ರಬ್ಬರಿಗೆ ಒಂದಿಷ್ಟು ಬೇರೆ ಪದಾರ್ಥ ಬೆರೆಸಿ ‘ಕಾಂಪೌಂಡ್’ ಎಂಬ ಹೆಸರಿನಲ್ಲಿ ಕಡಿಮೆ ಸುಂಕಕ್ಕೆ ತರುವ ದಾರಿ ಅಲ್ಲಿಯವರೆಗೆ ತೆರೆದಿತ್ತು.

ಹಾಗಾದರೆ ಒಂದು ಕಪ್ಪು ಮುದ್ದೆಯಲ್ಲಿ ಮರದ ರಬ್ಬರ್ ಎಷ್ಟು, ಕಾರ್ಖಾನೆಯ ರಬ್ಬರ್ ಎಷ್ಟು ಎಂದು ತಿಳಿಯುವುದು ಹೇಗೆ? ಕೈಯಲ್ಲಿ ಹಿಸುಕಿದರೆ, ಮೂಸಿದರೆ ತಿಳಿಯದು. ಪ್ರಯೋಗಾಲಯಗಳು ಇದಕ್ಕೆ ದಶಕಗಳಿಂದ ಬಳಸುತ್ತಿರುವ ಒಂದು ಮುಖ್ಯ ವಿಧಾನ ಅವಗೆಂಪು ರೋಹಿತದರ್ಶನ. ಹೆಸರು ಭಾರವಾಗಿದೆ. ಆದರೆ ಅದರ ಹಿಂದಿರುವ ವಿಚಾರವನ್ನು ಯಾರು ಬೇಕಾದರೂ ಅರ್ಥ ಮಾಡಿಕೊಳ್ಳಬಹುದು.

ರಬ್ಬರುಗಳನ್ನು ಬೆರೆಸುವುದೇಕೆ?

ಬೆರಕೆ ಎಂದೊಡನೆ ಮೋಸ ಎಂದುಕೊಳ್ಳಬಾರದು. ದೋಸೆಗೆ ಅಕ್ಕಿ, ಉದ್ದು ಎರಡೂ ಬೇಕಾಗುವಂತೆ ರಬ್ಬರ್ ಉದ್ಯಮದಲ್ಲಿ ಮಿಶ್ರಣ ಸಹಜವಾದ ಕ್ರಮ. ನೈಸರ್ಗಿಕ ರಬ್ಬರ್ ಎಳೆದರೆ ಸುಲಭವಾಗಿ ಹರಿಯದು, ಪದೇ ಪದೇ ಮಡಚಿದರೂ ಹೆಚ್ಚು ಬಿಸಿಯಾಗದು. ಆದ್ದರಿಂದಲೇ ಭಾರ ಹೊರುವ ಲಾರಿ ಟೈರುಗಳಲ್ಲಿ ಅದರ ಪಾಲು ದೊಡ್ಡದು. ಪೆಟ್ರೋಲಿಯಂ ಮೂಲದಿಂದ ತಯಾರಾಗುವ ಸ್ಟೈರೀನ್-ಬ್ಯುಟಡೈಯೀನ್ ರಬ್ಬರ್, ಅಂದರೆ ಎಸ್‌ಬಿಆರ್, ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುತ್ತದೆ; ಕಾರಿನ ಟೈರುಗಳಿಗೆ ಹೆಚ್ಚು ಹೊಂದುತ್ತದೆ. ಪಾಲಿಬ್ಯುಟಡೈಯೀನ್ ಅಥವಾ ಬಿಆರ್ ಸವೆತವನ್ನು ತಡೆಯುತ್ತದೆ. ಎಣ್ಣೆ ತಗಲುವ ಜಾಗದ ಸೀಲುಗಳಿಗೆ ನೈಟ್ರೈಲ್ ರಬ್ಬರ್, ಬಿಸಿಲು ಮಳೆಗೆ ಒಡ್ಡಿಕೊಳ್ಳುವ ಕಾರಿನ ಬಾಗಿಲಿನ ಪಟ್ಟಿಗಳಿಗೆ ಇಪಿಡಿಎಂ. ಗುಣ ಮತ್ತು ಬೆಲೆ ಎರಡನ್ನೂ ಸರಿತೂಗಿಸಲು ಇವುಗಳಲ್ಲಿ ಎರಡು ಅಥವಾ ಮೂರನ್ನು ಕೂಡಿಸುತ್ತಾರೆ.

ತೊಂದರೆ ಏನೆಂದರೆ, ಇವೆಲ್ಲವೂ ಬಹುಪಾಲು ಇಂಗಾಲ ಮತ್ತು ಹೈಡ್ರೋಜನ್‌ನಿಂದಲೇ ಆದವು. ಸುಟ್ಟು ಮೂಲಧಾತುಗಳನ್ನು ಲೆಕ್ಕ ಹಾಕಿದರೆ ನೈಸರ್ಗಿಕ ರಬ್ಬರಿಗೂ ಬಿಆರ್‌ಗೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಇಟ್ಟಿಗೆಗಳು ಒಂದೇ, ಕಟ್ಟಿದ ರೀತಿ ಬೇರೆ. ನಮಗೆ ಬೇಕಿರುವುದು ಇಟ್ಟಿಗೆ ಎಣಿಸುವ ಉಪಾಯವಲ್ಲ, ಕಟ್ಟಡದ ವಿನ್ಯಾಸ ತೋರಿಸುವ ಉಪಾಯ.

ಶ್ರುತಿ ಕೂಡಿದ ತಂತಿ ಮಾತ್ರ ಮಿಡಿಯುತ್ತದೆ

ಶ್ರುತಿ ಮಾಡಿಟ್ಟ ತಂಬೂರಿಯ ಪಕ್ಕ ಕುಳಿತು ಅದೇ ಸ್ವರವನ್ನು ಗಟ್ಟಿಯಾಗಿ ಹಾಡಿದರೆ, ಯಾರೂ ಮುಟ್ಟದಿದ್ದರೂ ಆ ತಂತಿ ಮೆಲ್ಲಗೆ ಮಿಡಿಯುತ್ತದೆ. ಬೇರೆ ಸ್ವರಕ್ಕೆ ಸುಮ್ಮನಿರುತ್ತದೆ. ಹಾಡಿನ ಶಕ್ತಿಯಲ್ಲಿ ತನ್ನ ಸ್ವರದ ಪಾಲನ್ನಷ್ಟೇ ತಂತಿ ಹೀರಿಕೊಳ್ಳುತ್ತದೆ.

ಅಣುಗಳೂ ಹೀಗೆಯೇ. ಪರಮಾಣುಗಳನ್ನು ಹಿಡಿದಿಟ್ಟಿರುವ ಬಂಧ ಗಟ್ಟಿ ಸರಳಲ್ಲ, ಸ್ಪ್ರಿಂಗ್ ಇದ್ದಂತೆ. ಅದು ಹಿಗ್ಗುತ್ತದೆ, ಕುಗ್ಗುತ್ತದೆ, ಬಾಗುತ್ತದೆ. ಪ್ರತಿ ಬಂಧದ ಪ್ರತಿ ಚಲನೆಗೂ ಒಂದು ವೇಗ ನಿಗದಿಯಾಗಿದೆ. ಹಗುರ ಪರಮಾಣು, ಬಿಗಿ ಬಂಧ ಇದ್ದರೆ ವೇಗ ಹೆಚ್ಚು; ಭಾರ ಪರಮಾಣು, ಸಡಿಲ ಬಂಧ ಇದ್ದರೆ ಕಡಿಮೆ. ಈ ಕಂಪನಗಳ ವೇಗಕ್ಕೆ ಶ್ರುತಿ ಕೂಡುವ ಬೆಳಕೇ ಅವಗೆಂಪು. 1800ರಲ್ಲಿ ವಿಲಿಯಂ ಹರ್ಷಲ್ ಬಿಸಿಲನ್ನು ಪಟ್ಟಕದಿಂದ ಏಳು ಬಣ್ಣಗಳಾಗಿ ಒಡೆದು, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟಾಗ ಅದರ ಪಾದರಸ ಏರಿತ್ತು. ಒಲೆಯ ಮುಂದೆ ಕುಳಿತಾಗ ಮುಖಕ್ಕೆ ತಗಲುವ ಬಿಸಿಯಲ್ಲಿ ದೊಡ್ಡ ಪಾಲು ಇದೇ ಬೆಳಕಿನದು.

ಈ ಕ್ಷೇತ್ರದಲ್ಲಿ ಬೆಳಕಿನ ಸ್ವರವನ್ನು ಹೇಳುವ ಕ್ರಮ ಸರಳ: ಒಂದು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬ ಎಣಿಕೆ. ಇದಕ್ಕೆ ತರಂಗಸಂಖ್ಯೆ ಎನ್ನುತ್ತಾರೆ. ರಬ್ಬರ್ ಪರೀಕ್ಷೆಯ ಯಂತ್ರ ಸಾಮಾನ್ಯವಾಗಿ 4000ದಿಂದ ಸುಮಾರು 400ರವರೆಗೆ ಎಲ್ಲ ಸ್ವರಗಳ ಬೆಳಕನ್ನೂ ಮಾದರಿಯ ಮೂಲಕ ಹಾಯಿಸಿ, ಯಾವ ಸ್ವರದಲ್ಲಿ ಎಷ್ಟು ಬೆಳಕು ಕಾಣೆಯಾಯಿತು ಎಂದು ಗೆರೆ ಬಿಡಿಸುತ್ತದೆ. ಆ ಗೆರೆಚಿತ್ರವೇ ರೋಹಿತ. ಈಗಿನ ಯಂತ್ರಗಳಿಗೆ ಇದಕ್ಕೆ ಒಂದು ನಿಮಿಷವೂ ಬೇಕಿಲ್ಲ.

ರಬ್ಬರಿಗೂ ಈ ಯಂತ್ರಕ್ಕೂ ಹಳೆಯ ನಂಟಿದೆ. 1942ರಲ್ಲಿ ಜಪಾನ್ ಸೇನೆ ಮಲಯ ಮತ್ತು ಇಂಡೋನೇಷ್ಯಾದ ತೋಟಗಳನ್ನು ವಶಪಡಿಸಿಕೊಂಡಾಗ ಅಮೆರಿಕಕ್ಕೆ ಬರುತ್ತಿದ್ದ ನೈಸರ್ಗಿಕ ರಬ್ಬರಿನಲ್ಲಿ ಸುಮಾರು ಶೇ 90ರಷ್ಟು ನಿಂತುಹೋಯಿತು. ಎಸ್‌ಬಿಆರ್ ಅನ್ನು ತರಾತುರಿಯಲ್ಲಿ ತಯಾರಿಸಬೇಕಾಗಿ ಬಂದಾಗ ಅದರ ಕಚ್ಚಾವಸ್ತುವಾದ ಬ್ಯುಟಡೈಯೀನ್ ಅನಿಲದ ಶುದ್ಧತೆಯನ್ನು ಬೇಗ ಪರೀಕ್ಷಿಸುವ ಸಾಧನ ಬೇಕಾಯಿತು. ಬೆಕ್‌ಮನ್ ಕಂಪನಿಯ ಐಆರ್-1 ಎಂಬ ಅವಗೆಂಪು ಯಂತ್ರ ಆ ವರ್ಷವೇ ಈ ಕೆಲಸಕ್ಕಾಗಿ ತಯಾರಾಯಿತು. ಪ್ರಯೋಗಾಲಯದ ಮೂಲೆಯಲ್ಲಿದ್ದ ಒಂದು ವಿದ್ಯೆಯನ್ನು ಕಾರ್ಖಾನೆಯ ನಿತ್ಯದ ಕೆಲಸಕ್ಕೆ ಎಳೆದು ತಂದ ಕಾರಣಗಳಲ್ಲಿ ಆ ರಬ್ಬರ್ ಕೊರತೆಯೂ ಒಂದು.

ಯಾವ ರಬ್ಬರಿನ ಗುರುತು ಎಲ್ಲಿ?

ನೈಸರ್ಗಿಕ ರಬ್ಬರ್ ಎಂದರೆ ಐಸೊಪ್ರೀನ್ ಎಂಬ ಕೊಂಡಿ ಸಾವಿರಾರು ಸಲ ಜೋಡಿಸಿಕೊಂಡ ಸರಪಳಿ. ಪ್ರತಿ ಕೊಂಡಿಯ ಪಕ್ಕದಲ್ಲಿ ಒಂದು ಇಂಗಾಲ, ಮೂರು ಹೈಡ್ರೋಜನ್ ಇರುವ ಮೀಥೈಲ್ ಗುಂಪು ನೇತಾಡುತ್ತಿರುತ್ತದೆ. ಕೊಡೆಯ ಕಡ್ಡಿಗಳು ಮಡಚಿ ಬಿಚ್ಚಿದಂತೆ ಆ ಮೂರು ಹೈಡ್ರೋಜನ್‌ಗಳು ಮಾಡುವ ಚಲನೆ 1376ರ ಸುಮಾರಿನಲ್ಲಿ ಬೆಳಕನ್ನು ಹೀರುತ್ತದೆ. 835ರ ಬಳಿ ಇನ್ನೊಂದು ಗುರುತಿದೆ, ಅದು ಜೋಡಿಬಂಧದ ಮೇಲಿರುವ ಒಂಟಿ ಹೈಡ್ರೋಜನ್‌ನದು.

ಎಸ್‌ಬಿಆರ್ ಸರಪಳಿಯಲ್ಲಿ ಮೀಥೈಲ್ ಗುಂಪು ಇಲ್ಲವೆಂದೇ ಹೇಳಬಹುದು. ಅದರಲ್ಲಿರುವುದು ಸ್ಟೈರೀನ್ ತಂದ ಬೆಂಜೀನ್ ಉಂಗುರ. ಉಂಗುರದ ಐದು ಹೈಡ್ರೋಜನ್‌ಗಳು ಒಟ್ಟಿಗೆ ಮೇಲೆ ಕೆಳಗೆ ತೂಗಿದಾಗ 700ರ ಬಳಿ ಎದ್ದು ಕಾಣುವ ಶಿಖರ ಮೂಡುತ್ತದೆ. ಬ್ಯುಟಡೈಯೀನ್ ಭಾಗ 966 ಮತ್ತು 911ರಲ್ಲಿ ತನ್ನ ಗುರುತು ಬಿಡುತ್ತದೆ. ನೈಟ್ರೈಲ್ ರಬ್ಬರನ್ನು ಗುರುತಿಸುವುದು ಎಲ್ಲಕ್ಕಿಂತ ಸುಲಭ: ಇಂಗಾಲ ಮತ್ತು ಸಾರಜನಕದ ನಡುವಿನ ಮೂರು ಎಳೆಯ ಬಿಗಿ ಬಂಧ 2237ರಲ್ಲಿ ಹೀರುತ್ತದೆ, ಮಿಕ್ಕ ಸಾಮಾನ್ಯ ರಬ್ಬರುಗಳು ಆ ಜಾಗದಲ್ಲಿ ಮೌನ.

ಹೀಗೆ ಯಾವ ರಬ್ಬರ್ ಇದೆ ಎಂದು ಹೇಳುವುದು ಮೊದಲ ಹಂತ. ಎಷ್ಟಿದೆ ಎಂದು ಹೇಳುವುದು ಬೇರೆಯೇ ಕೆಲಸ.

ಪರದೆ ಎಣಿಸುವ ಲೆಕ್ಕ

ಕಿಟಕಿಗೆ ಅರ್ಧ ಬೆಳಕು ತಡೆಯುವ ಒಂದು ಪರದೆ ಹಾಕಿದ್ದೀರಿ ಎಂದುಕೊಳ್ಳೋಣ. ಅಂಥದ್ದೇ ಇನ್ನೊಂದನ್ನು ಹಾಕಿದರೆ ಪೂರ್ತಿ ಕತ್ತಲಾಗುವುದಿಲ್ಲ. ಉಳಿದ ಅರ್ಧದಲ್ಲಿ ಅರ್ಧ, ಅಂದರೆ ಕಾಲು ಭಾಗ ಒಳಗೆ ಬರುತ್ತದೆ. ಮೂರನೆಯದಕ್ಕೆ ಅರೆಕಾಲು. ಒಳಗೆ ಬಂದ ಬೆಳಕನ್ನು ನೋಡಿ ಪರದೆ ಎಷ್ಟಿವೆ ಎಂದು ಹೇಳಲು ಲಾಗರಿದಮ್ ಬಳಸಬೇಕು. ಯಂತ್ರ ಮಾಡುವುದೂ ಅದನ್ನೇ. ಹೀಗೆ ಸಿಗುವ ಸಂಖ್ಯೆಗೆ ಹೀರಿಕೆ ಎನ್ನೋಣ. ಬೆಳಕಿನ ದಾರಿಯಲ್ಲಿ ಆ ಬಗೆಯ ಬಂಧಗಳು ಎರಡರಷ್ಟಾದರೆ ಹೀರಿಕೆಯೂ ಎರಡರಷ್ಟಾಗುತ್ತದೆ. ಬಿಯರ್-ಲ್ಯಾಂಬರ್ಟ್ ನಿಯಮದ ತಿರುಳು ಇಷ್ಟೇ.

ಆದರೆ ರಬ್ಬರ್ ಪದರವೇ ಎರಡರಷ್ಟು ದಪ್ಪವಾಗಿದ್ದರೆ? ಆಗಲೂ ಹೀರಿಕೆ ಎರಡರಷ್ಟಾಗುತ್ತದೆ. ಒಂದೇ ಶಿಖರದ ಎತ್ತರ ನೋಡಿ ಪ್ರಮಾಣ ಹೇಳಲಾಗದಿರುವುದು ಇದೇ ಕಾರಣಕ್ಕೆ. ಇದಕ್ಕೆ ಪರಿಹಾರ ಎರಡು ಶಿಖರಗಳ ಅನುಪಾತ. ಡಿಕಾಕ್ಷನ್ ಮತ್ತು ಹಾಲು ಬೆರೆಸಿದ ಕಾಫಿಯನ್ನು ಚಿಕ್ಕ ಲೋಟಕ್ಕೆ ಸುರಿದರೂ ದೊಡ್ಡ ಲೋಟಕ್ಕೆ ಸುರಿದರೂ ಹಾಲಿಗೆ ಡಿಕಾಕ್ಷನ್ ಎಷ್ಟು ಎಂಬುದು ಬದಲಾಗುವುದಿಲ್ಲ. 700ರ ಹೀರಿಕೆಯನ್ನು 1376ರ ಹೀರಿಕೆಯಿಂದ ಭಾಗಿಸಿದರೆ ಪದರದ ದಪ್ಪ ಲೆಕ್ಕದಿಂದ ಹೊರಗೆ ಬೀಳುತ್ತದೆ. ಉಳಿಯುವುದು ಎಸ್‌ಬಿಆರ್‌ಗೂ ನೈಸರ್ಗಿಕ ರಬ್ಬರಿಗೂ ಇರುವ ಅನುಪಾತದ ಸುಳಿವು ಮಾತ್ರ.

ಸುಳಿವು ಎಂದೆ, ಏಕೆಂದರೆ ಆ ಸಂಖ್ಯೆ ಇನ್ನೂ ಶೇಕಡಾವಾರು ಆಗಿಲ್ಲ. ಬೆಂಜೀನ್ ಉಂಗುರ ಬೆಳಕನ್ನು ಬಲವಾಗಿ ಹೀರುತ್ತದೆ, ಮೀಥೈಲ್ ಗುಂಪು ಅಷ್ಟು ಬಲವಾಗಿ ಅಲ್ಲ. ಹಾಗಾಗಿ ಪ್ರಯೋಗಾಲಯದವರು ಮೊದಲು ತಾವೇ ತೂಕ ಮಾಡಿ 80:20, 60:40, 50:50, 40:60 ಹೀಗೆ ಗೊತ್ತಿರುವ ಮಿಶ್ರಣಗಳನ್ನು ತಯಾರಿಸುತ್ತಾರೆ. ಪ್ರತಿಯೊಂದರ ರೋಹಿತ ತೆಗೆದು, ಅನುಪಾತ ಬರೆದು, ಗ್ರಾಫ್ ಎಳೆಯುತ್ತಾರೆ. ಗೊತ್ತಿಲ್ಲದ ಮಾದರಿಯ ಅನುಪಾತವನ್ನು ಆ ಗ್ರಾಫಿನ ಮೇಲೆ ಇಟ್ಟು ಉತ್ತರ ಓದುತ್ತಾರೆ. ಉದಾಹರಣೆಗೆ ಸಮಪಾಲಿನ ಮಿಶ್ರಣಕ್ಕೆ ಅನುಪಾತ 1 ಬಂತು ಎಂದು ಊಹಿಸಿಕೊಳ್ಳಿ. ಎಸ್‌ಬಿಆರ್ 40 ಇದ್ದರೆ ಅದು 0.67, 30 ಇದ್ದರೆ 0.43, 20 ಇದ್ದರೆ 0.25 ಆಗಬೇಕು. ಶೇಕಡಾ ಲೆಕ್ಕದಲ್ಲಿ ಈ ಗ್ರಾಫ್ ನೇರಗೆರೆಯಲ್ಲ, ಬಾಗಿದ ಗೆರೆ. ಎರಡು ಬಿಂದು ಇಟ್ಟು ಅಡ್ಡಪಟ್ಟಿಯಿಂದ ಗೆರೆ ಎಳೆದವರ ಉತ್ತರ ನಡುವೆ ಎಲ್ಲೋ ತಪ್ಪುತ್ತದೆ.

ಮಸಿ ಅಡ್ಡ ಬಂದಾಗ

ಇಲ್ಲಿಯವರೆಗಿನ ಮಾತು ಮಸಿ ಸೇರದ, ಗಂಧಕದಿಂದ ಬೇಯಿಸದ ಹಸಿ ರಬ್ಬರಿಗೆ ಸರಿ. ಅದನ್ನು ಕ್ಲೋರೋಫಾರ್ಮ್‌ನಂಥ ದ್ರಾವಕದಲ್ಲಿ ಕರಗಿಸಿ, ಉಪ್ಪಿನ ಬಿಲ್ಲೆಯ ಮೇಲೆ ತೆಳುವಾಗಿ ಹರಡಿ ಒಣಗಿಸಿದರೆ ಸಾಕು. ಗಾಜು ಅವಗೆಂಪನ್ನು ನುಂಗುವುದರಿಂದ ಗಾಜಿನ ಬದಲು ಪೊಟ್ಯಾಸಿಯಂ ಬ್ರೋಮೈಡ್‌ನಂಥ ಲವಣದ ಬಿಲ್ಲೆ ಬಳಸುತ್ತಾರೆ. ಇದು ತೇವ ಹೀರುವ ಪದಾರ್ಥ, ಒದ್ದೆ ಬೆರಳು ತಗಲಿದರೂ ಮಂಜಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇದನ್ನು ಕಾಪಾಡಿಕೊಳ್ಳುವುದೇ ಒಂದು ಕೆಲಸ.

ಟೈರಿನ ತುಂಡು ಬಂದರೆ ಎರಡು ಅಡ್ಡಿಗಳು ಒಟ್ಟಿಗೆ ಎದುರಾಗುತ್ತವೆ. ಗಂಧಕ ಹಾಕಿ ಬೇಯಿಸಿದ ರಬ್ಬರಿನಲ್ಲಿ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ದ್ರಾವಕದಲ್ಲಿ ಊದುತ್ತದೆ, ಕರಗುವುದಿಲ್ಲ. ಜೊತೆಗೆ ಕಾರ್ಬನ್ ಬ್ಲ್ಯಾಕ್ ಎಂಬ ನುಣ್ಣನೆಯ ಮಸಿ ಎಲ್ಲ ಸ್ವರಗಳ ಬೆಳಕನ್ನೂ ನುಂಗುತ್ತದೆ. ಕಾಂಪೌಂಡ್ ರಬ್ಬರ್ ಬೆಂದಿರುವುದಿಲ್ಲ, ಆದರೂ ಮಸಿಯ ಕಣಗಳಿಗೆ ರಬ್ಬರ್ ಬಿಗಿಯಾಗಿ ಅಂಟಿಕೊಳ್ಳುವುದರಿಂದ ಸೋಸಿ ತೆಗೆಯುವುದು ಕಷ್ಟ.

ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚಿಗೆಯಾದದ್ದು: ರಬ್ಬರನ್ನು ಕರಗಿಸುವುದು ಬೇಡ, ಒಡೆದುಬಿಡೋಣ. ಮೊದಲು ಮಾದರಿಯನ್ನು ಚಿಕ್ಕದಾಗಿ ಕತ್ತರಿಸಿ ಅಸಿಟೋನ್‌ನಲ್ಲಿ ಗಂಟೆಗಟ್ಟಲೆ ತೊಳೆಯುತ್ತಾರೆ. ಎಣ್ಣೆ, ಮೇಣ, ಇತರ ಸಣ್ಣ ಅಣುಗಳು ಆಗ ಹೊರಬರುತ್ತವೆ. ಇಲ್ಲದಿದ್ದರೆ ಅವುಗಳ ಶಿಖರಗಳು ರಬ್ಬರಿನ ಶಿಖರಗಳ ಮೇಲೆ ಕುಳಿತುಕೊಳ್ಳುತ್ತವೆ. ಒಣಗಿದ ತುಂಡುಗಳನ್ನು ಗಾಜಿನ ನಳಿಕೆಯಲ್ಲಿ ಸುಮಾರು 500 ಡಿಗ್ರಿಗೆ ಕಾಯಿಸುತ್ತಾರೆ. ಉರಿ ಹತ್ತಿ ಸುಡುವುದಲ್ಲ ಇದು. ಉದ್ದನೆಯ ಸರಪಳಿ ಬಿಸಿಗೆ ತುಂಡಾಗಿ ಹಬೆಯಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹಬೆ ಹನಿಗಟ್ಟುವಂತೆ ನಳಿಕೆಯ ತಣ್ಣಗಿನ ಭಾಗದಲ್ಲಿ ಅದು ಕಂದು ದ್ರವವಾಗಿ ಇಳಿಯುತ್ತದೆ. ಮಸಿ ಅಡಿಯಲ್ಲೇ ಉಳಿಯುತ್ತದೆ. ಆ ದ್ರವದ ಒಂದು ಹನಿ ಬಿಲ್ಲೆಯ ಮೇಲೆ ಬಿದ್ದರೆ ರೋಹಿತ ಸಿದ್ಧ.

ಸರಪಳಿ ತುಂಡಾದ ಮೇಲೆ ಮೂಲ ರಬ್ಬರಿನ ಗುರುತು ಉಳಿಯುತ್ತದೆಯೇ? ಉಳಿಯುತ್ತದೆ, ಆದರೆ ವೇಷ ಬದಲಾಗಿರುತ್ತದೆ. ನೈಸರ್ಗಿಕ ರಬ್ಬರ್ ಒಡೆದಾಗ ಐಸೊಪ್ರೀನ್ ಮತ್ತು ಲಿಮೊನೀನ್ ಹೆಚ್ಚಾಗಿ ಸಿಗುತ್ತವೆ. ಲಿಮೊನೀನ್ ಎಂದರೆ ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಅದೇ ಪದಾರ್ಥ. ಅದು 890ರ ಬಳಿ ಚೆನ್ನಾಗಿ ಕಾಣುವ ಶಿಖರ ಕೊಡುತ್ತದೆ. ಎಸ್‌ಬಿಆರ್ ಒಡೆದಾಗ ಸ್ಟೈರೀನ್ ಬಿಡುಗಡೆಯಾಗಿ 700ರ ಶಿಖರ ಹಾಗೆಯೇ ಮೂಡುತ್ತದೆ. ಹಾಗಾಗಿ ಇಲ್ಲಿ 700ನ್ನು 890ಕ್ಕೆ ಹೋಲಿಸುತ್ತಾರೆ. ಒಂದು ಷರತ್ತಿದೆ: ಎರಡು ರಬ್ಬರುಗಳು ಒಂದೇ ಪ್ರಮಾಣದಲ್ಲಿ ಹಬೆಯಾಗುವುದಿಲ್ಲ, ಬಿಸಿ ಬದಲಾದರೆ ತುಂಡುಗಳ ಪ್ರಮಾಣವೂ ಬದಲಾಗುತ್ತದೆ. ಆದ್ದರಿಂದ ಗೊತ್ತಿರುವ ಮಿಶ್ರಣಗಳನ್ನೂ ಗೊತ್ತಿಲ್ಲದ ಮಾದರಿಯನ್ನೂ ಒಂದೇ ತೂಕದಲ್ಲಿ, ಒಂದೇ ಬಿಸಿಯಲ್ಲಿ, ಒಂದೇ ಹೊತ್ತು ಕಾಯಿಸಬೇಕು. ಕರಗಿಸಿದ ಪದರದಿಂದ ಎಳೆದ ಗ್ರಾಫನ್ನು ಒಡೆದ ದ್ರವಕ್ಕೆ ಬಳಸುವಂತಿಲ್ಲ.

ಇನ್ನೊಂದು ದಾರಿಯೂ ಇದೆ. ಮಾದರಿಯನ್ನು ಒಂದು ಹರಳಿಗೆ ಒತ್ತಿ, ಹರಳಿನೊಳಗೆ ಬೆಳಕನ್ನು ಪುಟಿಸುತ್ತಾರೆ. ಪುಟಿಯುವ ಜಾಗದಲ್ಲಿ ಬೆಳಕು ಹರಳಿನ ಅಂಚು ದಾಟಿ ಅತಿ ತೆಳುವಾಗಿ ಆಚೆ ಸೋಕುತ್ತದೆ. ಜರ್ಮೇನಿಯಂ ಹರಳಾದರೆ ಈ ಸೋಕು ನಮ್ಮ ತಲೆಗೂದಲಿನ ದಪ್ಪದ ನೂರನೇ ಒಂದು ಭಾಗದಷ್ಟು. ಅಷ್ಟು ತೆಳು ಪದರದಲ್ಲಿ ಮಸಿ ಎಲ್ಲವನ್ನೂ ನುಂಗಲಾರದು. ಕೆಲಸ ಬೇಗ ಆಗುತ್ತದೆ, ಮಾದರಿಯೂ ಉಳಿಯುತ್ತದೆ. ಆದರೆ ಕಾಣುವುದು ಮೇಲ್ಮೈ ಮಾತ್ರ. ಟೈರಿನ ಒಳಗಿಂದ ಮೇಣ ಹೊರಬಂದು ಮೈಮೇಲೆ ಕುಳಿತಿದ್ದರೆ ಯಂತ್ರ ಮೇಣದ ರೋಹಿತ ಕೊಡುತ್ತದೆ. ಹೊಸದಾಗಿ ಕತ್ತರಿಸಿದ ಮುಖವನ್ನೇ ಒತ್ತಬೇಕು.

ಭೌತವಿಜ್ಞಾನಿ ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮವೂ ಅಣುಗಳ ಕಂಪನವನ್ನೇ ತೋರಿಸುತ್ತದೆ, ಬೇರೆ ಬಾಗಿಲಿನಿಂದ. ಜೋಡಿಬಂಧಗಳು ಅದರಲ್ಲಿ ಬಹಳ ಸ್ಪಷ್ಟ. ಆದರೆ ಮಸಿ ತುಂಬಿದ ರಬ್ಬರಿನ ಮೇಲೆ ಲೇಸರ್ ಬಿದ್ದರೆ ಮಾದರಿ ಬಿಸಿಯಾಗಿ ತೊಂದರೆ ಕೊಡುವುದರಿಂದ ಟೈರಿನಂಥ ಸರಕಿಗೆ ಅವಗೆಂಪೇ ಹೆಚ್ಚು ಬಳಕೆಯಲ್ಲಿದೆ.

ಸಂಖ್ಯೆ ದಾರಿ ತಪ್ಪುವ ಜಾಗಗಳು

ನಮ್ಮ ಲೆಕ್ಕ ಎಸ್‌ಬಿಆರ್ ಅನ್ನು ಕಂಡದ್ದು ಸ್ಟೈರೀನ್ ಮೂಲಕ. ಹೆಚ್ಚು ಬಳಕೆಯಲ್ಲಿರುವ ಎಸ್‌ಬಿಆರ್ ದರ್ಜೆಗಳಲ್ಲಿ ಸ್ಟೈರೀನ್ ಶೇ 23.5ರಷ್ಟಿರುತ್ತದೆ. ಗ್ರಾಫ್ ಅದರಿಂದಲೇ ಎಳೆದದ್ದು ಎಂದುಕೊಳ್ಳಿ. ಪರೀಕ್ಷೆಗೆ ಬಂದ ಮಾದರಿಯಲ್ಲಿ ಮಾತ್ರ ಶೇ 40 ಸ್ಟೈರೀನ್ ಇರುವ ದರ್ಜೆ ಬಳಸಿದ್ದಾರೆ. ನಿಜವಾದ ಮಿಶ್ರಣ ನೈಸರ್ಗಿಕ ರಬ್ಬರ್ 70, ಎಸ್‌ಬಿಆರ್ 30. ಲೆಕ್ಕ ಹಾಕಿ ನೋಡಿದರೆ ಗ್ರಾಫಿನಲ್ಲಿ ಎಸ್‌ಬಿಆರ್ ಸುಮಾರು 42 ಎಂದು ಬರುತ್ತದೆ. ಯಂತ್ರ ಸರಿಯಿದೆ, ಕೆಲಸ ಮಾಡಿದವರ ಕೈ ಸರಿಯಿದೆ, ಉತ್ತರ ಮಾತ್ರ 12 ಅಂಕ ತಪ್ಪು. ಸುಂಕ, ಬೆಲೆ, ಗುತ್ತಿಗೆ ಇವುಗಳ ತೀರ್ಮಾನ ಈ ಸಂಖ್ಯೆಯ ಮೇಲೆ ನಿಂತಿದ್ದರೆ ಅದು ಸಣ್ಣ ತಪ್ಪಲ್ಲ.

ಮೂರು ರಬ್ಬರುಗಳ ಮಿಶ್ರಣ ಇನ್ನೂ ಕಷ್ಟ. ಎಸ್‌ಬಿಆರ್ ಮತ್ತು ಬಿಆರ್ ಎರಡರಲ್ಲೂ ಬ್ಯುಟಡೈಯೀನ್ ಇರುವುದರಿಂದ 966 ಮತ್ತು 911ರ ಶಿಖರಗಳು ಯಾರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಸಣ್ಣ ಪ್ರಮಾಣದಲ್ಲಿರುವ ರಬ್ಬರ್ ದೊಡ್ಡದರ ಶಿಖರಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಇಂಥ ಸಂದರ್ಭದಲ್ಲಿ ಒಡೆದ ಹಬೆಯನ್ನು ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಒಂದೊಂದಾಗಿ ಬೇರ್ಪಡಿಸಿ ನೋಡುವುದು ಉತ್ತಮ.

ಬೆಳೆಗಾರರು ಮುಖ್ಯವಾಗಿ ತಿಳಿದಿರಬೇಕಾದ ಮಿತಿ ಇನ್ನೊಂದು. ಐಸೊಪ್ರೀನ್ ಸರಪಳಿಯನ್ನು ಕಾರ್ಖಾನೆಯಲ್ಲೂ ಕಟ್ಟಬಹುದು. ಆ ಕೃತಕ ಪಾಲಿಐಸೊಪ್ರೀನ್ ಮತ್ತು ಮರದ ರಬ್ಬರ್ ಒಡೆದ ಮೇಲೆ ಕೊಡುವ ರೋಹಿತ ಹೆಚ್ಚುಕಡಿಮೆ ಒಂದೇ. ಹಸಿ ರಬ್ಬರಾದರೆ ಮರದ ಹಾಲಿನ ಪ್ರೋಟೀನ್ ಬಿಟ್ಟ ಮಸುಕಾದ ಗುರುತು ಸಿಗಬಹುದು, ಮಸಿ ಸೇರಿದ ಮೇಲೆ ಅದನ್ನು ನಂಬುವಂತಿಲ್ಲ. ಇನ್ನು ರಬ್ಬರ್ ಸುಳ್ಯದ್ದೋ ಥಾಯ್ಲೆಂಡಿನದೋ ಎಂಬ ಪ್ರಶ್ನೆಗೆ ಈ ಬೆಳಕಿನಲ್ಲಿ ಉತ್ತರವೇ ಇಲ್ಲ.

70 ಎಂದರೆ ಯಾವುದರಲ್ಲಿ 70?

ಪರೀಕ್ಷಾ ವರದಿ ಕೈಗೆ ಬಂದಾಗ ಬಹಳ ಮಂದಿ ಎಡವುವ ಜಾಗ ಇದು. ‘ನೈಸರ್ಗಿಕ ರಬ್ಬರ್ 70, ಎಸ್‌ಬಿಆರ್ 30’ ಎಂದು ಬರೆದಿದ್ದರೆ ಇಡೀ ಮುದ್ದೆಯ ಶೇ 70 ಮರದ ರಬ್ಬರ್ ಎಂದು ಅರ್ಥವಲ್ಲ. ಅವಗೆಂಪು ಹೋಲಿಸಿದ್ದು ಎರಡು ರಬ್ಬರುಗಳನ್ನು ಮಾತ್ರ. ಮಸಿ, ಎಣ್ಣೆ, ಸತುವಿನ ಆಕ್ಸೈಡ್ ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ರಬ್ಬರ್ ಉದ್ಯಮದಲ್ಲಿ ಪಾಕದ ಪಟ್ಟಿ ಬರೆಯುವ ರೂಢಿಯೂ ಹೀಗೆಯೇ ಇದೆ: ಒಟ್ಟು ರಬ್ಬರನ್ನು 100 ಭಾಗ ಎಂದಿಟ್ಟು, ಉಳಿದದ್ದನ್ನೆಲ್ಲ ಅದರ ಮೇಲೆ ಎಣಿಸುತ್ತಾರೆ. ರಬ್ಬರ್ 100, ಮಸಿ 50, ಎಣ್ಣೆ 10, ಇತರ ರಾಸಾಯನಿಕ 10 ಎಂದರೆ ಒಟ್ಟು 170. ಇದರಲ್ಲಿ ನೈಸರ್ಗಿಕ ರಬ್ಬರ್ 70 ಭಾಗವಿದ್ದರೆ ಇಡೀ ಮುದ್ದೆಯ ಶೇ 41 ಮಾತ್ರ ಮರದಿಂದ ಬಂದದ್ದು.

ಈ ಎರಡನೆಯ ಲೆಕ್ಕಕ್ಕೆ ಬೇರೆ ಪರೀಕ್ಷೆಗಳು ಬೇಕು. ಅಸಿಟೋನ್‌ನಲ್ಲಿ ತೊಳೆದಾಗ ಕಳೆದ ತೂಕ ಎಣ್ಣೆ ಮತ್ತು ಮೇಣವನ್ನು ಹೇಳುತ್ತದೆ. ಬಳಿಕ ಮಾದರಿಯನ್ನು ಸೂಕ್ಷ್ಮ ತಕ್ಕಡಿಯ ಮೇಲೆ ಇಟ್ಟು ಸಾರಜನಕದಲ್ಲಿ ಕಾಯಿಸುತ್ತಾರೆ. ರಬ್ಬರ್ ಹಬೆಯಾಗಿ ಹೋದಷ್ಟು ತೂಕ ಇಳಿಯುತ್ತದೆ. ಆಮೇಲೆ ಗಾಳಿ ಬಿಡುತ್ತಾರೆ, ಮಸಿ ಉರಿದು ಹೋಗುತ್ತದೆ, ಇನ್ನಷ್ಟು ತೂಕ ಇಳಿಯುತ್ತದೆ. ಕೊನೆಗೆ ತಕ್ಕಡಿಯಲ್ಲಿ ಉಳಿಯುವುದು ಸತುವಿನ ಆಕ್ಸೈಡ್‌ನಂಥ ಬೂದಿ. ಒಟ್ಟು ರಬ್ಬರ್ ಎಷ್ಟು ಎಂದು ತಕ್ಕಡಿ ಹೇಳಿದ ಮೇಲೆ, ಅದರಲ್ಲಿ ಯಾವ ರಬ್ಬರಿನ ಪಾಲು ಎಷ್ಟು ಎಂದು ಅವಗೆಂಪು ಹೇಳುತ್ತದೆ. ವರದಿಯಲ್ಲಿ ಈ ಎರಡೂ ಸಂಖ್ಯೆಗಳಿವೆಯೇ, ಮಾದರಿಯನ್ನು ಒಡೆದು ನೋಡಿದರೋ ಹರಳಿಗೆ ಒತ್ತಿ ನೋಡಿದರೋ, ಗ್ರಾಫನ್ನು ಎಷ್ಟು ಸ್ಟೈರೀನ್ ಇರುವ ಎಸ್‌ಬಿಆರ್‌ನಿಂದ ಎಳೆದರು ಎಂದು ಕೇಳುವ ಹಕ್ಕು ಹಣ ಕೊಟ್ಟು ಪರೀಕ್ಷೆ ಮಾಡಿಸಿದ ಪ್ರತಿಯೊಬ್ಬರಿಗೂ ಇದೆ.